ಕೆಂಪು ಪಾಚಿ ಔಷಧ ಹೌದು, ಡಬ್ಬಿಯ ಪುಡಿ?

ಹೋದ ಮಾಗಿಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಮನೆಗೆ ಹೋಗಿದ್ದೆ. ಅಡಿಕೆ ಸುಲಿತ ಮುಗಿಯುತ್ತ ಬಂದಿತ್ತು. ಜಗಲಿಯಲ್ಲಿ ಕೂತಿದ್ದ ಭಾವ ಎಡಗಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು.

"ಎಂತ ಆಯ್ತು ಭಾವ?"

"ಎಂತೂ ಇಲ್ಲ ಮಾರಾಯ. ಮೆಟ್ಟುಗತ್ತಿ ತಾಗಿದ್ದು. ಮೂರು ವಾರ ಆಯ್ತು, ಯಾಕೋ ಮಾಯ್ತಾ ಇಲ್ಲ."

ಒಳಗಿಂದ ಅಕ್ಕ ಕೂಗಿ ಹೇಳಿದಳು: "ಮಾಯೋದು ಹ್ಯಾಗೆ? ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು. ಸಮುದ್ರದ ಪುಡಿ ತಿಂತಿದಾರೆ, ಕೇಳು!"

ಭಾವ ತೋರಿಸಿದ ಡಬ್ಬಿಯ ಮೇಲೆ 'ಕೆಂಪು ಕಡಲ ಪಾಚಿ' ಎಂದು ಬರೆದಿತ್ತು. ಬೆಲೆ ಒಂದೂವರೆ ಸಾವಿರ. ಜೊತೆಗೊಂದು ಕರಪತ್ರ. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು, ಥೈರಾಯ್ಡ್, ವೈರಸ್ ಜ್ವರ ಎಲ್ಲಕ್ಕೂ ಅದೊಂದೇ ಮದ್ದು. ತೋಟಕ್ಕೆ ಟಾನಿಕ್ ಮಾರಲು ಬಂದವನೇ ಇದನ್ನೂ ಕೊಟ್ಟು ಹೋಗಿದ್ದ. ಮಂಗನ ಕಾಯಿಲೆಗೂ ಆಗುತ್ತದೆ ಎಂದು ಬಾಯಲ್ಲಿ ಹೇಳಿದ್ದನಂತೆ.

ಮರುದಿನ ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಕ್ಕರೆ ಮುನ್ನೂರು ದಾಟಿತ್ತು. ಕೀವು ತೆಗೆದು ಪರೀಕ್ಷೆಗೆ ಕಳಿಸಿದರು, ಸೂಜಿ ಮದ್ದು ಶುರು ಮಾಡಿದರು. ಹನ್ನೊಂದು ದಿನ ಅಲ್ಲೇ ಇರಬೇಕಾಯಿತು. ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಬೆರಳು ತೆಗೆಯಬೇಕಿತ್ತು ಎಂದರು ಡಾಕ್ಟರು.

ಮನೆಗೆ ಬರುವಾಗ ಜೀಪಿನಲ್ಲಿ ಭಾವ ಕೇಳಿದರು: "ಹಾಗಾದ್ರೆ ಆ ಪಾಚಿ ವಿಷಯ ಪೂರ್ತಿ ಸುಳ್ಳಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಹೊಸನಗರ ತಾಲ್ಲೂಕಿನಲ್ಲಿ ಒಂದೂಕಾಲು ಎಕರೆ ಅಡಿಕೆ ಮಾಡಿಕೊಂಡಿರುವವನು. ವೈದ್ಯನೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಸಾಗರದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನೆಂಟರೊಬ್ಬರನ್ನು ಹಿಡಿದುಕೊಂಡೆ. ಅವರು ಕೊಟ್ಟದ್ದನ್ನು ಓದಿದೆ, ತಿಳಿಯದ್ದನ್ನು ಕೇಳಿದೆ. ಅವರ ಜೊತೆ ಒಮ್ಮೆ ಘಟ್ಟ ಇಳಿದು ಹೊನ್ನಾವರದ ಕಡಲ ಬಂಡೆಗಳನ್ನೂ ನೋಡಿ ಬಂದೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಡಬ್ಬಿ ಭಾವನ ಮನೆಗೆ ಮಾತ್ರ ಬಂದಿರಲಿಕ್ಕಿಲ್ಲ.

ಯಾವುದು ಕೆಂಪು ಪಾಚಿ?

ಮೊದಲು ಒಂದು ಗೊಂದಲ ಕಳೆಯಬೇಕು. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಮರದ ಕಾಂಡ, ಗೋಡೆ, ಕಲ್ಲಿನ ಮೇಲೆ ಕಿತ್ತಳೆ-ಕೆಂಪು ಬಣ್ಣದ ಮಖಮಲ್ಲಿನಂಥದ್ದು ಕಾಣುತ್ತದಲ್ಲ, ಅದು ಕೆಂಪು ಪಾಚಿ ಅಲ್ಲ. ಅದು ಹಸಿರು ಪಾಚಿಯ ಕುಲದ್ದು. ಮೈಯಲ್ಲಿ ಕಿತ್ತಳೆ ಬಣ್ಣ ತುಂಬಿಕೊಂಡಿದೆ, ಅಷ್ಟೆ. ಮಾವಿನ ಎಲೆಯ ಮೇಲೆ ತುಕ್ಕಿನ ಹಾಗೆ ಚುಕ್ಕೆ ಬೀಳಿಸುವ ಕೆಂಪು ತುಕ್ಕು ರೋಗದ ಪಾಚಿಯೂ ಅದರ ದಾಯಾದಿ.

ನಿಜವಾದ ಕೆಂಪು ಪಾಚಿಯಲ್ಲಿ ಕೆಲವು ಬಗೆ ಸಿಹಿನೀರಿನ ತಣ್ಣನೆಯ ಹಳ್ಳಗಳಲ್ಲಿವೆ. ಬಹುಪಾಲು ಸಮುದ್ರದವು. ಪ್ರಪಂಚದಲ್ಲಿ ಸುಮಾರು 7,000 ಜಾತಿಗಳನ್ನು ಗುರುತಿಸಿದ್ದಾರೆ. ನಮ್ಮ ಉತ್ತರ ಕನ್ನಡ, ಉಡುಪಿ ಕಡೆಯ ಬಂಡೆಗಳ ಮೇಲೂ ಇವೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನೀರು ಇಳಿದ ಹೊತ್ತಿನಲ್ಲಿ ಹೋದರೆ ಕಾಣುತ್ತವೆ. ಗ್ರಾಸಿಲೇರಿಯ, ಹಿಪ್ನಿಯ ಎಂದೆಲ್ಲ ಅವುಗಳ ಹೆಸರು. ಕಡುಗೆಂಪು, ನೇರಳೆ, ಕೆಲವೊಮ್ಮೆ ಕಂದು. ಮುಟ್ಟಿದರೆ ನೆನೆಸಿದ ಶಾವಿಗೆಯ ಹಾಗೆ ಜಾರುತ್ತವೆ. ಪಕ್ಕದಲ್ಲೇ ಹಸಿರಿನವೂ ಕಂದಿನವೂ ಇರುತ್ತವೆ. ಮೂರರ ಗುಣ ಬೇರೆ ಬೇರೆ.

ಕೆಂಪು ಪಾಚಿ ನಮ್ಮ ಅಡುಗೆಮನೆಗೂ ಬಂದಿದೆ. ಮಕ್ಕಳಿಗೆ ಜೆಲ್ಲಿ ಮಾಡುವ 'ಚೈನಾ ಗ್ರಾಸ್' ಇದೆಯಲ್ಲ, ಅಗರ್ ಅಗರ್, ಅದು ಹುಲ್ಲಲ್ಲ. ಕೆಂಪು ಪಾಚಿ ಬೇಯಿಸಿ ತೆಗೆದ ಅಂಟು.

ಕಾಲಿಲ್ಲದ ಜೀವಿಯ ರಕ್ಷಣೆ

ಪಾಚಿಯಲ್ಲಿ ಔಷಧ ಯಾಕಿರಬೇಕು? ಇದು ನನ್ನ ಮೊದಲ ಪ್ರಶ್ನೆ. ಉತ್ತರ ನಮ್ಮ ತೋಟದಲ್ಲೇ ಇದೆ. ಬೇವು ಕಹಿಯಾಗಿರುವುದು, ಮೆಣಸು ಖಾರವಾಗಿರುವುದು ನಮಗೋಸ್ಕರ ಅಲ್ಲ. ಓಡಿಹೋಗಲು ಕಾಲಿಲ್ಲದ ಗಿಡ ತನ್ನನ್ನು ತಾನು ಕಾಯ್ದುಕೊಳ್ಳುವ ದಾರಿ ಅದು.

ಪಾಚಿಗೆ ಮುಳ್ಳಿಲ್ಲ, ದಪ್ಪ ತೊಗಟೆಯಿಲ್ಲ. ಮೀನು, ಬಸವನಹುಳು ಮೇಯುತ್ತವೆ. ಮೈಮೇಲೆ ಬ್ಯಾಕ್ಟೀರಿಯ ಬಂದು ಕೂರುತ್ತವೆ. ಅಲೆ ಹಗಲೂ ರಾತ್ರಿ ಬಡಿಯುತ್ತದೆ. ಇದಕ್ಕೆ ಕೆಂಪು ಪಾಚಿ ಎರಡು ಬಗೆಯ ಉಪಾಯ ಮಾಡಿದೆ.

ಒಂದು, ಅಂಟು. ಸಕ್ಕರೆಯ ಕಣಗಳನ್ನು ಉದ್ದ ಸರದ ಹಾಗೆ ಪೋಣಿಸಿ, ಅದಕ್ಕೆ ಗಂಧಕದ ಅಂಶವನ್ನು ಅಲ್ಲಲ್ಲಿ ಸಿಕ್ಕಿಸಿರುತ್ತದೆ. ಇದರಿಂದ ಮೈ ಮುರಿಯದೆ ಬಾಗುತ್ತದೆ. ಕ್ಯಾರಗೀನನ್ ಎನ್ನುವುದು ಇಂಥ ಅಂಟು. ಐಸ್ ಕ್ರೀಮು, ಟೂತ್‌ಪೇಸ್ಟುಗಳಲ್ಲಿ ಬಳಸುತ್ತಾರೆ.

ಎರಡು, ವಿಷ. ಸಮುದ್ರದ ನೀರಿನಲ್ಲಿ ಕ್ಲೋರಿನ್, ಬ್ರೋಮಿನ್ ಧಾರಾಳವಾಗಿವೆ. ಕೆಂಪು ಪಾಚಿ ಅವನ್ನು ಹಿಡಿದು ತನ್ನ ರಸಕ್ಕೆ ಜೋಡಿಸಿಕೊಳ್ಳುತ್ತದೆ. ನೆಲದ ಗಿಡಗಳಲ್ಲಿ ಇಂಥ ವಸ್ತುಗಳು ಬಹಳ ಕಡಿಮೆ. ಆಸ್ಟ್ರೇಲಿಯಾದ ಡೆಲಿಸಿಯ ಎಂಬ ಪಾಚಿ ಬ್ಯಾಕ್ಟೀರಿಯವನ್ನು ಕೊಲ್ಲುವುದೇ ಇಲ್ಲ. ಅವು ಒಂದಕ್ಕೊಂದು ಕಳಿಸುವ ಸುದ್ದಿಯನ್ನೇ ತಡೆದು, ಗುಂಪುಗೂಡದಂತೆ ಮಾಡುತ್ತದೆ.

ವಿಜ್ಞಾನಿಗಳು ಇಲ್ಲಿ ಔಷಧ ಹುಡುಕುವುದು ಈ ಕಾರಣಕ್ಕೆ. ಅಂದರೆ ಭಾವನ ಡಬ್ಬಿಯ ಮೇಲಿನ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ.

ಹುಳದ ಮದ್ದಾಗಿದ್ದ ಪಾಚಿ

ಹಳೆಯ ಉದಾಹರಣೆ ಜಪಾನಿನದು. ಅಲ್ಲಿ ಮಕ್ಕಳ ಹೊಟ್ಟೆಯಲ್ಲಿ ಜಂತುಹುಳವಾದರೆ ಡಿಜೀನಿಯ ಎಂಬ ಕೆಂಪು ಪಾಚಿಯ ಕಷಾಯ ಕುಡಿಸುತ್ತಿದ್ದರು. ನಮ್ಮ ಅಜ್ಜಿಯಂದಿರ ಮದ್ದಿನ ಹಾಗೆಯೇ. 1953ರಲ್ಲಿ ಅಲ್ಲಿನ ವಿಜ್ಞಾನಿಗಳು ಅದರ ಸಾರವನ್ನು ಬೇರ್ಪಡಿಸಿ ಕೈನಿಕ್ ಆಮ್ಲ ಎಂದು ಹೆಸರಿಟ್ಟರು. ಅದರಿಂದ ಹುಳದ ಮದ್ದು ತಯಾರಾಗಿ ಜಪಾನಿನಲ್ಲಿ ಚೆನ್ನಾಗಿ ಬಳಕೆಯಾಯಿತು.

ಕಥೆಯ ಉಳಿದರ್ಧವೂ ಮುಖ್ಯ. ಅದೇ ಆಮ್ಲವನ್ನು ಇಲಿಗೆ ಚುಚ್ಚಿದರೆ ಮಿದುಳಿನ ನರಕೋಶಗಳು ಅತಿಯಾಗಿ ಕೆರಳಿ ಸಾಯುತ್ತವೆ. ಇಲಿಗೆ ಮೂರ್ಛೆರೋಗ ಬರುತ್ತದೆ. ಇಂದು ಪ್ರಯೋಗಾಲಯಗಳಲ್ಲಿ ಮೂರ್ಛೆರೋಗದ ಅಭ್ಯಾಸಕ್ಕೆಂದೇ ಕೈನಿಕ್ ಆಮ್ಲ ಬಳಸುತ್ತಾರೆ. ಹುಳಕ್ಕೆ ಮದ್ದು, ನರಕ್ಕೆ ವಿಷ. ವಸ್ತು ಒಂದೇ. ಬೇರೆಯಾದದ್ದು ಪ್ರಮಾಣ ಮತ್ತು ಒಳಹೋದ ದಾರಿ.

ಕ್ಯಾರಗೀನನ್ನಿನ ಕಥೆಯೂ ಹಾಗೇ. ಮಂಡಿ ನೋವಿಗೆ ಪಾಚಿ ಒಳ್ಳೆಯದು ಎನ್ನುತ್ತದೆ ಕರಪತ್ರ. ಆದರೆ ಊತ ಇಳಿಸುವ ಹೊಸ ಔಷಧವನ್ನು ಪರೀಕ್ಷಿಸುವಾಗ ಮೊದಲು ಇಲಿಯ ಪಾದಕ್ಕೆ ಕ್ಯಾರಗೀನನ್ ಚುಚ್ಚಿ ಊತ ಬರಿಸುತ್ತಾರೆ. 1962ರಿಂದ ನಡೆದುಬಂದ ಪದ್ಧತಿ ಇದು.

ಸಕ್ಕರೆ ಕಾಯಿಲೆಯ ಮಾತಿಗೂ ಸ್ವಲ್ಪ ಬುಡ ಇದೆ. ಕೆಂಪು ಪಾಚಿಯ ಬ್ರೋಮಿನ್ ಇರುವ ಕೆಲವು ವಸ್ತುಗಳು ಇಲಿಗಳಲ್ಲಿ ಸಕ್ಕರೆ ಇಳಿಸಿವೆ ಎಂದು ಚೀನಾದ ಸಂಶೋಧಕರು ತೋರಿಸಿದ್ದಾರೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಡಲ ಪಾಚಿಗಳಿಂದ ಸಂಧಿವಾತ, ಸಕ್ಕರೆ ಕಾಯಿಲೆ ಮುಂತಾದವಕ್ಕೆ 'ಕಡಲ್‌ಮೀನ್' ಹೆಸರಿನ ಪೂರಕ ಆಹಾರಗಳನ್ನು ತಯಾರಿಸಿದ್ದಾರೆ. ಪೂರಕ ಎಂದರೆ ಜೊತೆಗೆ ಕೊಡುವಂಥದ್ದು. ಮಾತ್ರೆ ಬಿಟ್ಟು ತಿನ್ನುವಂಥದ್ದಲ್ಲ. ಭಾವನ ಮನೆಯಲ್ಲಿ ತಪ್ಪಿದ್ದು ಇಲ್ಲಿ.

ವೈರಸ್ಸಿಗೆ ಹಲಸಿನ ಮೇಣ

ಕೆಂಪು ಪಾಚಿಯ ಅಂಟು ವೈರಸ್ಸನ್ನು ತಡೆಯುತ್ತದೆ ಎನ್ನುವುದು ಹೊಸ ಸುದ್ದಿ ಅಲ್ಲ. 1958ರಲ್ಲೇ ಅಮೆರಿಕದಲ್ಲಿ ಕೋಳಿಮೊಟ್ಟೆಯ ಭ್ರೂಣಕ್ಕೆ ಫ್ಲೂ ಮತ್ತು ಮಂಗಬಾವಿನ ವೈರಸ್ ಕೊಟ್ಟು, ಕೆಂಪು ಪಾಚಿಯ ಸಾರ ಅದನ್ನು ಕಾಪಾಡುವುದನ್ನು ಕಂಡಿದ್ದರು.

ಕೆಲಸ ನಡೆಯುವ ಕ್ರಮ ಹೀಗೆ. ವೈರಸ್ ನಮ್ಮ ಜೀವಕೋಶದ ಒಳಗೆ ಹೋಗಬೇಕಾದರೆ ಮೊದಲು ಹೊರಮೈಗೆ ಅಂಟಿಕೊಳ್ಳಬೇಕು. ಜೀವಕೋಶದ ಹೊರಮೈಯಲ್ಲಿ ಗಂಧಕ ಸೇರಿದ ಸಕ್ಕರೆಯ ಎಳೆಗಳಿವೆ, ಅನೇಕ ವೈರಸ್‌ಗಳು ಹಿಡಿಯುವುದು ಅವನ್ನೇ. ಪಾಚಿಯ ಅಂಟೂ ಗಂಧಕ ಸೇರಿದ ಸಕ್ಕರೆಯೇ. ವೈರಸ್ ಮೋಸಹೋಗಿ ಅದಕ್ಕೇ ಅಂಟುತ್ತದೆ. ಹಲಸಿನ ಮೇಣಕ್ಕೆ ನೊಣ ಸಿಕ್ಕಿಕೊಂಡ ಹಾಗೆ. ಬಾಗಿಲ ತನಕ ಬರುವುದೇ ಇಲ್ಲ.

ಇದನ್ನು ಮನುಷ್ಯರ ಮೇಲೂ ಪರೀಕ್ಷಿಸಿದ್ದಾರೆ. ಒಂದು ಕಡೆ ಸೋಲು, ಒಂದು ಕಡೆ ಭರವಸೆ.

ಏಡ್ಸ್ ವೈರಸ್ಸನ್ನು ತಡೆಯಲು ಕ್ಯಾರಗೀನನ್ ಲೇಪನ ತಯಾರಿಸಿ 2004ರಿಂದ 2007ರವರೆಗೆ ದಕ್ಷಿಣ ಆಫ್ರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಕೊಟ್ಟು ನೋಡಿದರು. ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಅದು. ಫಲಿತಾಂಶ 2008ರಲ್ಲಿ ಬಂತು: ಹಾನಿ ಇಲ್ಲ, ಆದರೆ ರೋಗ ತಡೆಯಲಿಲ್ಲ.

ಇನ್ನೊಂದು ಮೂಗಿನ ಸ್ಪ್ರೇ. ಕೊರೊನಾ ಕಾಲದಲ್ಲಿ ಅರ್ಜೆಂಟೀನದ ಆಸ್ಪತ್ರೆ ಸಿಬ್ಬಂದಿ 394 ಜನರ ಮೇಲೆ ಪ್ರಯೋಗ ನಡೆಯಿತು. ಕ್ಯಾರಗೀನನ್ ಸ್ಪ್ರೇ ಹಾಕಿಕೊಂಡ 196 ಜನರಲ್ಲಿ ಇಬ್ಬರಿಗೆ, ಬರೀ ಉಪ್ಪುನೀರಿನಂಥದ್ದು ಹಾಕಿಕೊಂಡ 198 ಜನರಲ್ಲಿ ಹತ್ತು ಮಂದಿಗೆ ಕೊರೊನಾ ಬಂತು. ಚಿಕ್ಕ ಪ್ರಯೋಗ. ಆದರೂ ಒಳ್ಳೆಯ ಲಕ್ಷಣ.

ಇದಕ್ಕಿಂತ ನನಗೆ ಕುತೂಹಲ ಅನ್ನಿಸಿದ್ದು ಗ್ರಿಫಿತ್ಸಿನ್ ಎಂಬ ಪ್ರೋಟೀನು. ನ್ಯೂಜಿಲೆಂಡ್ ಕಡಲಿನ ಕೆಂಪು ಪಾಚಿಯಲ್ಲಿ ಸಿಕ್ಕಿದ್ದು, 2005ರಲ್ಲಿ ಪ್ರಕಟವಾಯಿತು. ತೀರಾ ಸ್ವಲ್ಪ ಪ್ರಮಾಣದಲ್ಲೇ ಏಡ್ಸ್ ವೈರಸ್ಸನ್ನು ತಡೆಯಬಲ್ಲದು. ಆದರೆ ಪಾಚಿಯಿಂದ ತೆಗೆದರೆ ಚಿಟಿಕೆಯೂ ಸಿಗದು. ಅದಕ್ಕೆ ವಿಜ್ಞಾನಿಗಳು ಏನು ಮಾಡಿದರು ಗೊತ್ತೇ? ಪಾಚಿಯ ಆ ಗುಣವನ್ನು ಹೊಗೆಸೊಪ್ಪಿನ ಜಾತಿಯ ಗಿಡಕ್ಕೆ ಸೇರಿಸಿ ಗಿಡದ ಎಲೆಯಲ್ಲೇ ಅದನ್ನು ಬೆಳೆದರು. 5,000 ಚದರಡಿಯ ಒಂದು ಹಸಿರುಮನೆಯಲ್ಲಿ, ಅಂದರೆ ನಮ್ಮ ಲೆಕ್ಕದ ನಾಲ್ಕೂವರೆ ಗುಂಟೆಯಲ್ಲಿ, 60 ಗ್ರಾಂಗೂ ಹೆಚ್ಚು ಶುದ್ಧ ವಸ್ತು ಬಂತು ಎಂದು 2009ರಲ್ಲಿ ವರದಿ ಮಾಡಿದರು.

ಮಂಗನ ಕಾಯಿಲೆಗೆ ಆದೀತೇ?

ನಮ್ಮ ಮೂರು ತಾಲ್ಲೂಕಿನವರಿಗೆ ಇದೇ ದೊಡ್ಡ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ನಮ್ಮನ್ನು ಇನ್ನೂ ಬಿಟ್ಟಿಲ್ಲ. 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಸಾಗರದ ಅರಳಗೋಡು ಸುತ್ತ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ರೋಗಕ್ಕೇ ಎಂದು ನೇರ ಔಷಧವಿಲ್ಲ. ಇಂಥ ಹೊತ್ತಿನಲ್ಲಿ 'ವೈರಸ್ಸಿಗೆ ಮದ್ದು' ಎಂದು ಯಾರೇ ಬಂದರೂ ನಾವು ಕೈ ಚಾಚುತ್ತೇವೆ. ಅದು ಮಾರುವವನಿಗೂ ಗೊತ್ತು.

ಮಂಗನ ಕಾಯಿಲೆಯ ವೈರಸ್ ಡೆಂಗಿ ವೈರಸ್ಸಿನ ಕುಟುಂಬದ್ದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೆಂಪು ಪಾಚಿಯ ಅಂಟು ಡೆಂಗಿ ವೈರಸ್ಸನ್ನು ತಡೆದದ್ದು ನಿಜ. ಅರ್ಜೆಂಟೀನದವರು ಅದನ್ನು ತೋರಿಸಿದ್ದಾರೆ. ಹಾಗಿದ್ದರೆ ಪುಡಿ ತಿಂದರೆ ಆಗದೇ?

ಆಗುವುದಿಲ್ಲ. ಕಾರಣ ಎರಡು.

ಮೊದಲನೆಯದು, ಈ ಅಂಟಿನ ಸರ ಬಹಳ ಉದ್ದ. ಹೊಟ್ಟೆಗೆ ಹೋದರೆ ಕರುಳಿನಿಂದ ರಕ್ತಕ್ಕೆ ದಾಟುವುದಿಲ್ಲ ಎಂದೇ ಹೇಳಬೇಕು. ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮೂಗಿನ ಸ್ಪ್ರೇ ಕೆಲಸ ಮಾಡುವುದು ವೈರಸ್ ಬರುವ ಜಾಗದಲ್ಲೇ ಅಂಟು ಇರುವುದರಿಂದ. ಮಂಗನ ಕಾಯಿಲೆ ಮೂಗಿನಿಂದ ಬರುವುದಲ್ಲ. ಉಣುಗು ಕಚ್ಚಿ ರಕ್ತಕ್ಕೆ ಸೇರುವಂಥದ್ದು. ಹಿತ್ತಿಲ ಬೇಲಿ ಮುರಿದಿರುವಾಗ ಮುಂದಿನ ಗೇಟಿಗೆ ಬೀಗ ಹಾಕಿದರೆ ದನ ನಿಲ್ಲುತ್ತದೆಯೇ?

ಎರಡನೆಯದು, ಹೋಗಲಿ, ರಕ್ತಕ್ಕೇ ಚುಚ್ಚೋಣ ಎಂದರೆ ಅಪಾಯ. ಗಂಧಕ ಸೇರಿದ ಈ ಅಂಟುಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಹೃದಯದ ರೋಗಿಗಳಿಗೆ ಕೊಡುವ ಹೆಪಾರಿನ್ ಎಂಬ ಸೂಜಿ ಮದ್ದಿನ ಜಾತಿಯ ಗುಣ. ಮಂಗನ ಕಾಯಿಲೆ ಜೋರಾದಾಗ ಮೂಗು, ವಸಡುಗಳಿಂದ ರಕ್ತ ಬರುತ್ತದೆ, ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಅಂಥವರಿಗೆ ರಕ್ತ ಇನ್ನಷ್ಟು ತೆಳುವಾಗುವ ವಸ್ತು ಕೊಟ್ಟರೆ ಏನಾದೀತು? ವೈರಸ್ಸನ್ನು ಹಿಡಿಯುವ ಗುಣವೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವೂ ಅದೇ ಗಂಧಕದ್ದು. ಒಂದನ್ನು ಬಿಟ್ಟು ಒಂದನ್ನು ತೆಗೆಯುವುದೇ ವಿಜ್ಞಾನಿಗಳ ಮುಂದಿರುವ ಕಷ್ಟ.

ಹಾಗಾಗಿ ಮಂಗನ ಕಾಯಿಲೆಗೆ ಈಗ ನಮ್ಮ ಕೈಯಲ್ಲಿರುವುದು ಹಳೆಯ ಶಿಸ್ತೇ. ಕಾಡಿಗೆ, ಸೊಪ್ಪಿಗೆ, ದರಗಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚುವುದು, ಮೈತುಂಬ ಬಟ್ಟೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಉಣುಗು ನೋಡಿ ತೆಗೆಯುವುದು. ಮಂಗ ಸತ್ತರೆ ಮುಟ್ಟದೆ ತಿಳಿಸುವುದು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆಗೆ ಕೊಡುವುದು. ಪುಡಿ ನೆಕ್ಕುತ್ತ ಮೂರು ದಿನ ಕಳೆದರೆ ಆ ಮೂರು ದಿನ ವಾಪಸು ಬರುವುದಿಲ್ಲ.

ಅಳತೆ ಇಲ್ಲದ್ದು ಮದ್ದಲ್ಲ

ಕೊಳೆರೋಗಕ್ಕೆ ನಾವು ಬೋರ್ಡೋ ಮಾಡುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾಯಿತೋ ಎಂದು ಕಬ್ಬಿಣದ ಚೂರಿ ಅದ್ದಿ ನೋಡುತ್ತೇವೆ. ಚೂರಿ ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಅಡಿಕೆ ಗೊನೆಗೇ ಇಷ್ಟು ಅಳತೆ ಇರುವಾಗ ಮನುಷ್ಯರ ಹೊಟ್ಟೆಗೆ?

ಪಾಚಿಯಲ್ಲಿ ಅಳತೆ ಇನ್ನೂ ಕಷ್ಟ. ಒಂದೇ ಜಾತಿಯ ಪಾಚಿಯಲ್ಲಿ ಜಾಗ, ಋತು ಬದಲಾದರೆ ಸಾರ ಬದಲಾಗುತ್ತದೆ. ಫಿಲಿಪ್ಪೀನ್ಸಿನ ಒಂದು ಕೆಂಪು ಪಾಚಿಯಲ್ಲಿ ಹಾಲೊಮಾನ್ ಎಂಬ ವಸ್ತು ಸಿಕ್ಕಿತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು 1992ರಲ್ಲಿ ಪ್ರಕಟವಾಗಿ ದೊಡ್ಡ ಆಸೆ ಹುಟ್ಟಿಸಿತು. ಮುಂದೆ ಸಾಕಷ್ಟು ಪ್ರಮಾಣದಲ್ಲಿ ಸಿಗುವುದೇ ಕಷ್ಟವಾಗಿ ಔಷಧವಾಗಲಿಲ್ಲ.

ತಿನ್ನುವ ಪಾಚಿಯೇ ವಿಷವಾದದ್ದೂ ಇದೆ. 1991ರಲ್ಲಿ ಶಾಂತಸಾಗರದ ಗುವಾಮ್ ದ್ವೀಪದಲ್ಲಿ ಜನ ಎಂದಿನಂತೆ ಗ್ರಾಸಿಲೇರಿಯ ಜಾತಿಯ ಪಾಚಿ ತಿಂದರು. ಹದಿಮೂರು ಜನ ಮಲಗಿದರು, ಮೂವರು ತೀರಿಕೊಂಡರು. ಆ ಸಲದ ಪಾಚಿಯಲ್ಲಿ ಒಂದು ವಿಷ ಸೇರಿತ್ತು. ನೋಡಲಿಕ್ಕೆ ಎಂದಿನ ಪಾಚಿಯೇ.

ಡಬ್ಬಿಯ ಪುಡಿ ಯಾವ ಜಾತಿಯದು, ಯಾವ ಕಡಲಿನದು, ಅದರಲ್ಲಿ ಯಾವ ಸಾರ ಎಷ್ಟಿದೆ ಎಂದು ಭಾವನ ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ. ಕಡಲ ಪಾಚಿಯಲ್ಲಿ ಅಯೋಡಿನ್ ಇರುತ್ತದೆ. ಅದು ಹೆಚ್ಚಾದರೂ ಥೈರಾಯ್ಡ್ ಕೆಡುತ್ತದೆ. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇಂಥದ್ದು ಮುಟ್ಟಬಾರದು.

ತೋಟದ ದ್ರಾವಣ ಬೇರೆ

ಅದೇ ಮನುಷ್ಯ ತೋಟಕ್ಕೂ ಪಾಚಿ ಟಾನಿಕ್ ಕೊಟ್ಟಿದ್ದನಲ್ಲ, ಅದರ ಬಗ್ಗೆ ಒಂದು ಮಾತು. ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸುತ್ತಾರೆ. ಬಹಳ ಮಟ್ಟಿಗೆ ಹೆಂಗಸರ ದುಡಿಮೆ ಅದು. ಹಸಿ ಪಾಚಿ ಹಿಂಡಿ ರಸ ತೆಗೆದು ಗೊಬ್ಬರಕ್ಕೆ, ಉಳಿದ ಹಿಂಡಿ ಕ್ಯಾರಗೀನನ್‌ಗೆ. ಈ ವಿಧಾನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆಯದು. ರಸದಲ್ಲಿ ಪೊಟ್ಯಾಷ್ ಮತ್ತು ಗಿಡದ ಬೆಳವಣಿಗೆ ಚುರುಕು ಮಾಡುವ ಅಂಶಗಳಿವೆ. ಎಲೆಗೆ ಸಿಂಪಡಿಸಲು ಸರಿ. ಬುಡಕ್ಕೆ ಗೊಬ್ಬರ ಹಾಕದೆ ಇದನ್ನೇ ನಂಬಿದರೆ ಭಾವನ ಕಾಲಿನ ಕಥೆಯೇ ತೋಟಕ್ಕೂ ಆಗುತ್ತದೆ.

ಭಾವನಿಗೆ ಹೇಳಿದ್ದು

ಇಷ್ಟೆಲ್ಲ ಓದಿದ ಮೇಲೆ ಭಾವನ ಮನೆಗೆ ಹೋದೆ. ಗಾಯ ಮಾಯ್ದು ಗುರುತು ಮಾತ್ರ ಉಳಿದಿತ್ತು.

"ಪೂರ್ತಿ ಸುಳ್ಳಲ್ಲ ಭಾವ," ಎಂದೆ. "ನಿಮ್ಮ ಕಾಲು ಉಳಿಸಿದ್ದರಲ್ಲಿ ಕೆಂಪು ಪಾಚಿದೂ ಪಾಲಿದೆ."

ಅವರು ನನ್ನ ಮುಖ ನೋಡಿದರು. ವಿವರಿಸಿದೆ. ಆಸ್ಪತ್ರೆಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರಲ್ಲ, ಅದನ್ನು ಒಂದು ತಟ್ಟೆಯಲ್ಲಿ ಹೆಪ್ಪುಗಟ್ಟಿದ ಲೋಳೆಯ ಮೇಲೆ ಹಚ್ಚಿ ಬ್ಯಾಕ್ಟೀರಿಯ ಬೆಳೆಸುತ್ತಾರೆ. ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ಅಲ್ಲೇ ನೋಡುತ್ತಾರೆ. ಆ ಲೋಳೆ ಅಗರ್, ಕೆಂಪು ಪಾಚಿಯ ಅಂಟು. ಇದನ್ನು ಹೇಳಿಕೊಟ್ಟದ್ದು ಒಬ್ಬ ಗೃಹಿಣಿ, ಫ್ಯಾನಿ ಹೆಸ್ಸೆ. ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಆಕೆಯ ಗಂಡ ಕೆಲಸ ಮಾಡುತ್ತಿದ್ದರು. ಸೆಕೆಗೆ ಜಿಲೆಟಿನ್ ಕರಗಿ ಗಂಡನ ಪ್ರಯೋಗ ಕೆಡುತ್ತಿತ್ತು. ತಾನು ಅಡುಗೆಯಲ್ಲಿ ಬಳಸುವ ಅಗರ್ ಸೆಕೆಗೆ ಕರಗುವುದಿಲ್ಲವಲ್ಲ, ಅದನ್ನು ಹಾಕಿ ನೋಡಿ ಎಂದರು. ಕ್ಷಯರೋಗದ ಸೂಕ್ಷ್ಮಾಣುವಿನ ಬಗ್ಗೆ 1882ರಲ್ಲಿ ಕಾಕ್ ಬರೆದದ್ದರಲ್ಲಿ ಅಗರ್ ಹೆಸರಿದೆ. ಅಂದಿನಿಂದ ಇಂದಿನವರೆಗೆ ರೋಗಾಣು ಬೆಳೆಸಿ ನೋಡುವ ಲ್ಯಾಬುಗಳಲ್ಲಿ ಅದೇ ಅಂಟು. ಅಂಗಾಂಶ ಬಾಳೆಯ ಪುಟ್ಟ ಸಸಿ ಬಾಟಲಿಯಲ್ಲಿ ನಿಂತಿರುವುದೂ ಸಾಮಾನ್ಯವಾಗಿ ಅದರ ಮೇಲೆಯೇ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಕ್ಕನನ್ನು ಕರೆದು, "ಆ ಡಬ್ಬಿ ಉಳಿದದ್ದು ಎಲ್ಲಿಟ್ಟಿದೀಯೆ?" ಎಂದರು.

"ಅವತ್ತೇ ಬಾಳೆ ಬುಡಕ್ಕೆ ಹಾಕಿದೆ," ಎಂದಳು ಅಕ್ಕ. "ಮಾತ್ರೆ ತಗೊಂಡಾಯ್ತಾ ಹೇಳಿ ಮೊದಲು."